ನಮ್ಮವರು ಸೋತ ಮೇಲೆ ಯಾರ ಪರ?



2022ರ ಡಿಸೆಂಬರ್ 9, ಶುಕ್ರವಾರ. ಕತಾರಿನಲ್ಲಿ ವಿಶ್ವಕಪ್ ಫುಟ್‌ಬಾಲಿನ ಕ್ವಾರ್ಟರ್ ಫೈನಲ್ ಶುರುವಾದ ದಿನ. ನಮ್ಮ ಗಡಿಯಾರದಲ್ಲಿ ರಾತ್ರಿ ಎಂಟೂವರೆಗೆ ಬ್ರೆಜಿಲ್ ಮತ್ತು ಕ್ರೊಯೇಷ್ಯಾ, ಹನ್ನೆರಡೂವರೆಗೆ ಅರ್ಜೆಂಟೀನ ಮತ್ತು ನೆದರ್ಲೆಂಡ್ಸ್. ಮಣಿಪಾಲದಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ ಬ್ರೆಜಿಲಿನ ಕಡೆಯವನು. ಹಳದಿ ಅಂಗಿ ಹಾಕಿಕೊಂಡು ನಮ್ಮ ಮನೆಯ ಟಿ.ವಿ. ಎದುರು ಕೂತಿದ್ದ. ಹೆಚ್ಚುವರಿ ಸಮಯದಲ್ಲಿ ನೇಮರ್ ಗೋಲು ಹೊಡೆದಾಗ ಇವನ ಬೊಬ್ಬೆಗೆ ಪಕ್ಕದ ಮನೆಯ ನಾಯಿ ಎದ್ದಿತು. 117ನೆಯ ನಿಮಿಷದಲ್ಲಿ ಕ್ರೊಯೇಷ್ಯಾ ಸಮ ಮಾಡಿತು. ಪೆನಾಲ್ಟಿಯಲ್ಲಿ 4-2. ಬ್ರೆಜಿಲ್ ಊರಿಗೆ ಹೊರಟಿತು.

"ಚಿಕ್ಕಮ್ಮ, ನಾನು ಮಲಗ್ತೇನೆ, ಇನ್ನು ನೋಡ್ಲಿಕ್ಕೆ ಎಂತ ಉಂಟು?" ಎಂದ. ಮಲಗು ಮಾರಾಯ ಎಂದೆ. ಹನ್ನೆರಡೂವರೆಗೆ ನೀರು ಕುಡಿಯಲೆಂದು ಎದ್ದರೆ ಚಾವಡಿಯಲ್ಲಿ ಮತ್ತೆ ಟಿ.ವಿ. ಬೆಳಕು. ಯಾರ ಪರ ಎಂದು ಕೇಳಿದೆ. "ನೆದರ್ಲೆಂಡ್ಸ್," ಎಂದ. ಆ ತಂಡದ ನಾಲ್ವರು ಆಟಗಾರರ ಹೆಸರು ಹೇಳಲಿಕ್ಕೆ ಅವನಿಗೆ ಬರುತ್ತಿರಲಿಲ್ಲ. ಆದರೆ ಎದುರಿಗೆ ಇದ್ದದ್ದು ಅರ್ಜೆಂಟೀನ, ಬ್ರೆಜಿಲಿನ ಹಳೆಯ ದಾಯಾದಿ. ಎರಡು ಗೋಲು ಹಿಂದಿದ್ದ ನೆದರ್ಲೆಂಡ್ಸ್ ಕೊನೆಯ ಗಳಿಗೆಯಲ್ಲಿ ಸಮ ಮಾಡಿದಾಗ ಅವನು ಹಾರಿದ್ದನ್ನು ನೋಡಿದರೆ ಹುಟ್ಟಿದ್ದೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಅನ್ನಬೇಕು. ಅದೂ ಪೆನಾಲ್ಟಿಗೆ ಹೋಯಿತು, ಅರ್ಜೆಂಟೀನ ಗೆದ್ದಿತು. ಒಂದೇ ರಾತ್ರಿ ಎರಡು ಸಲ ಸೋತವನ ಮುಖ ಹೇಗಿರುತ್ತದೆ ಎಂದು ಆವತ್ತು ನೋಡಿದೆ.

ನಾನು ಇವತ್ತು ಮಾತಾಡಬೇಕೆಂದಿರುವುದು ಇದರ ಬಗ್ಗೆ. ನಮ್ಮ ತಂಡ ಕಣದಲ್ಲಿದ್ದರೆ ಪ್ರಶ್ನೆಯೇ ಇಲ್ಲ, ಜ್ವರ ಬಂದರೂ ನೋಡುತ್ತೇವೆ. ನಮ್ಮವರು ಹೊರಬಿದ್ದ ಮೇಲೆ, ಅಥವಾ ನಮ್ಮವರು ಇಲ್ಲದ ಕೂಟದಲ್ಲಿ, ಯಾವ ಪಂದ್ಯಕ್ಕೆ ನಿದ್ರೆ ಬಿಡಬೇಕು, ಯಾರಿಗೆ ಜೈ ಅನ್ನಬೇಕು? ಲೀಗ್ ಪಂದ್ಯವಾದರೆ ಇವತ್ತು ಬಿಟ್ಟರೆ ನಾಳೆ ಉಂಟು. ಸೋತವನು ಮನೆಗೆ ಹೋಗುವ ಸುತ್ತು ಬಂದ ಮೇಲೆ ಹಾಗಲ್ಲ. ಈ ರಾತ್ರಿ ಬಿಟ್ಟರೆ ಆ ತಂಡವನ್ನು ಮತ್ತೆ ನೋಡುವುದು ಮುಂದಿನ ವರ್ಷ, ವಿಶ್ವಕಪ್ ಆದರೆ ನಾಲ್ಕು ವರ್ಷದ ಮೇಲೆ.

ಕೇರಳದ ಕೋಯಿಕ್ಕೋಡು ಜಿಲ್ಲೆಯ ಪುಳ್ಳಾವೂರಿನಲ್ಲಿ ಅದೇ ವಿಶ್ವಕಪ್ಪಿನ ಹೊತ್ತಿಗೆ ಹೊಳೆಯಲ್ಲಿ ಮೆಸ್ಸಿಯ ಆಳೆತ್ತರ ಮೀರಿದ ಕಟೌಟ್ ನಿಲ್ಲಿಸಿದರು. ಅದಕ್ಕಿಂತ ಎತ್ತರದ ನೇಮರ್ ಬಂದ, ಆಮೇಲೆ ರೊನಾಲ್ಡೊನೂ ಬಂದ. ಉಡುಪಿ ಜಿಲ್ಲೆ ಅಷ್ಟು ಫುಟ್‌ಬಾಲಿನ ಊರಲ್ಲ, ಒಪ್ಪುತ್ತೇನೆ. ಮಣಿಪಾಲದ ಎಂಡ್ ಪಾಯಿಂಟಿನ ಮೈದಾನದಲ್ಲಿ ಹುಡುಗರು ಆಡುತ್ತಾರೆ, ಹಾಸ್ಟೆಲುಗಳಲ್ಲಿ ರಾತ್ರಿ ಎಚ್ಚರ ಇರುತ್ತಾರೆ. ಕಾಪು, ಕಾರ್ಕಳದ ಕಡೆಗೆ ಬಂದರೆ ಚೆಂಡು ಅಂದರೆ ಕ್ರಿಕೆಟ್ಟು, ಇಲ್ಲ ವಾಲಿಬಾಲು. ಆದರೆ ನಾಕೌಟ್ ಎಂಬ ಸಂಕಟ ನಮಗೆ ಹೊಸತಲ್ಲ. ಅದನ್ನು ನಾವು ಕಲಿತದ್ದು ಕೆಸರುಗದ್ದೆಯಲ್ಲಿ.

ಚಳಿಗಾಲ ಬಂತೆಂದರೆ ನಮ್ಮ ಕರಾವಳಿಯಲ್ಲಿ ರಾತ್ರಿಗಳು ಸಾಲುವುದಿಲ್ಲ. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಬೆಳಗ್ಗೆ ಪೇಪರ್ ಬಿಡಿಸಿದರೆ ಇವತ್ತು ಯಾವ ಮೇಳ ಎಲ್ಲಿ, ಪ್ರಸಂಗ ಯಾವುದು ಎಂದು ಪಟ್ಟಿ. ಗುತ್ತಿನ ಮನೆಗಳಲ್ಲಿ ನೇಮ, ಗರಡಿಯಲ್ಲಿ ನೇಮ. ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಹಬ್ಬ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯ ಪರ್ಯಾಯ. ಇದೆಲ್ಲದರ ನಡುವೆ ನವೆಂಬರಿನಿಂದ ಮಾರ್ಚ್, ಏಪ್ರಿಲ್‌ವರೆಗೆ ವಾರಕ್ಕೊಂದು ಊರಿನಲ್ಲಿ ಕಂಬಳ. ಕಂಬಳ ಸಮಿತಿಯ ದಿನಾಂಕಪಟ್ಟಿ ಬಂದ ಕೂಡಲೇ ನಮ್ಮ ಮನೆಯಲ್ಲಿ ಕ್ಯಾಲೆಂಡರು ಇಳಿಸುತ್ತಾರೆ. ಮದುವೆಗೆ ಹೋಗುವುದು ಯಾವ ವಾರ, ಕಂಬಳಕ್ಕೆ ಯಾವ ವಾರ ಎಂಬ ತಕರಾರು ಆವತ್ತೇ ಮುಗಿಯಬೇಕು. ಪರ್ಯಾಯದ ದಿನ ಶನಿವಾರ, ಆದಿತ್ಯವಾರಕ್ಕೇ ಬಿದ್ದರೆ ಉಡುಪಿ ಪೇಟೆಯವರಿಗೆ ಆ ವಾರ ಆಯ್ಕೆಯೇ ಇಲ್ಲ, ಅವರು ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆ ನೋಡಿಯೇ ಮಲಗುವವರು.

ನನ್ನ ತವರು ಕಾರ್ಕಳ ತಾಲೂಕು, ಮಿಯ್ಯಾರಿನ ಹತ್ತಿರ. ಗಂಡನ ಮನೆ ಕಾಪು ತಾಲೂಕು, ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿ, ಮಲ್ಲಿಗೆಯ ಊರು. ಮಿಯ್ಯಾರಿನಲ್ಲಿ ಲವ-ಕುಶ ಜೋಡುಕರೆ ಕಂಬಳ, ಕಟಪಾಡಿ ಬೀಡಿನಲ್ಲಿ ಮೂಡು-ಪಡು ಜೋಡುಕರೆ ಕಂಬಳ. ಇನ್ನು ಪಡುಬಿದ್ರಿ ಹತ್ತಿರ ಅಡ್ವೆ ನಂದಿಕೂರಿನಲ್ಲಿ ಕೋಟಿ-ಚೆನ್ನಯ, ಕಾಂತಾವರದ ಬಾರಾಡಿ ಬೀಡಿನಲ್ಲಿ ಸೂರ್ಯ-ಚಂದ್ರ. ನಮ್ಮಲ್ಲಿ ಕರೆಗಳಿಗೂ ಅಣ್ಣತಮ್ಮಂದಿರ ಹೆಸರು, ಜೊತೆಗಾರರ ಹೆಸರು. ಓಡುವುದು ಮಾತ್ರ ಒಬ್ಬರನ್ನೊಬ್ಬರು ಸೋಲಿಸಲಿಕ್ಕೆ.

ಕಂಬಳ ನೋಡದವರಿಗಾಗಿ ಎರಡು ಮಾತು. ನೀರು, ಕೆಸರು ತುಂಬಿದ ಎರಡು ಕರೆ, ಅಕ್ಕಪಕ್ಕ. ಓಟ ಶುರುವಾಗುವಲ್ಲಿ ಗಂತು, ಮುಗಿಯುವಲ್ಲಿ ಮಂಜೊಟ್ಟಿ. ಒಂದೊಂದು ಕರೆಯಲ್ಲಿ ಒಂದು ಜೋಡಿ ಕೋಣ, ಹಿಂದೆ ಒಬ್ಬ ಓಟಗಾರ. ಹಗ್ಗ ಮತ್ತು ನೇಗಿಲು ಎಂಬ ವಿಭಾಗಗಳಲ್ಲಿ ಹಿರಿಯ, ಕಿರಿಯ ಎಂದು ಮತ್ತೆ ಎರಡೆರಡು. ಅಡ್ಡ ಹಲಗೆಯಲ್ಲಿ ಆಳು ಹಲಗೆಯ ಮೇಲೆ ನಿಂತು ಹೋಗುತ್ತಾನೆ. ಕನೆ ಹಲಗೆ ಬೇರೆಯೇ ಬಗೆ, ಅದಕ್ಕೆ ಆಮೇಲೆ ಬರುತ್ತೇನೆ. ದೊಡ್ಡ ಕಂಬಳವಾದರೆ ನೂರೈವತ್ತು, ಇನ್ನೂರು ಜೋಡಿ ಬರುವುದುಂಟು. ಗೆದ್ದ ಜೋಡಿ ಮುಂದಿನ ಸುತ್ತಿಗೆ, ಸೋತದ್ದು ಲಾರಿಗೆ. ಕ್ವಾರ್ಟರ್ ಫೈನಲ್, ಸೆಮಿ ಫೈನಲ್, ಫೈನಲ್ ಎಂಬ ಮಾತುಗಳನ್ನು ನಾನು ಮೊದಲು ಕೇಳಿದ್ದು ಫುಟ್‌ಬಾಲಿನಲ್ಲಲ್ಲ, ಕರೆಯ ಬದಿಯ ಮೈಕಿನಲ್ಲಿ. ಗೆದ್ದವರಿಗೆ ಪವನಿನ ಲೆಕ್ಕದಲ್ಲಿ ಚಿನ್ನ.

ಶನಿವಾರ ಬೆಳಗ್ಗೆ ತೆಂಗಿನಕಾಯಿ ಒಡೆದು ಶುರುವಾದದ್ದು ಆದಿತ್ಯವಾರ ಬೆಳಗಿನವರೆಗೆ ಎಳೆಯುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಮುಗಿಸಬೇಕು ಎಂಬ ಮಾತು ಉಂಟು, ಮುಗಿಯದ ಕಂಬಳಗಳೂ ಉಂಟು. ಹಾಗಾಗಿ ಅಭಿಮಾನಿಗಳಲ್ಲಿ ಎರಡು ಜಾತಿ. ಶನಿವಾರ ಸಂಜೆ ಬಂದು, ಚರುಮುರಿ ತಿಂದು, ದೀಪದ ಬೆಳಕಿನಲ್ಲಿ ಒಂದಷ್ಟು ಓಟ ನೋಡಿ, ಹತ್ತು ಗಂಟೆಗೆ ಮನೆಗೆ ಹೋಗುವವರು. ಇನ್ನೊಂದು, ರಾತ್ರಿ ಚೆನ್ನಾಗಿ ಮಲಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಸೆಮಿ ಫೈನಲ್ ಹೊತ್ತಿಗೆ ಸರಿಯಾಗಿ ಬೈಕ್ ನಿಲ್ಲಿಸುವವರು. ನನ್ನ ಭಾವ, ಅಂದರೆ ಗಂಡನ ಅಣ್ಣ, ಎರಡನೆಯ ಜಾತಿ. "ಸಂಜೆ ಹೋಗುವವರು ಸಂತೆಗೆ ಹೋದ ಹಾಗೆ," ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಯಾವ ಜೋಡಿ ಹೇಗೆ ಓಡಿತೆಂದು ಕಂಡವನಿಗೇ ಸೆಮಿ ಫೈನಲಿನ ರುಚಿ ಗೊತ್ತಾಗುವುದು. ಈಗ ಯೂಟ್ಯೂಬಿನಲ್ಲಿ ನೇರಪ್ರಸಾರ ಬರುತ್ತದಲ್ಲ, ಮುಂಬಯಿಯಲ್ಲಿ ಹೋಟೆಲು ನಡೆಸುವವರೂ ಗಲ್ಫಿನಲ್ಲಿರುವವರೂ ಅಲ್ಲಿಂದಲೇ ಮೊದಲ ಸುತ್ತಿನಿಂದ ನೋಡುತ್ತಾರೆ. ಬೆಳಗ್ಗೆ ಫೋನು ಮಾಡಿ ಇಲ್ಲಿ ಮಲಗಿದ್ದವರಿಗೆ ಫಲಿತಾಂಶ ಹೇಳುವವರು ಅವರೇ.

ಈಗ ಯಾರ ಪರ ಎಂಬ ವಿಷಯ. ಫುಟ್‌ಬಾಲಿನಲ್ಲಿ ಒಂದು ಅಂಗಿ, ಒಂದು ಬಣ್ಣ. ಕಂಬಳದಲ್ಲಿ ಒಂದೇ ಜೋಡಿಯ ಹಿಂದೆ ಮೂರು ಅಭಿಮಾನ ಇರುತ್ತವೆ. ಕೋಣ ಒಂದು ಮನೆಯದು. ಮೈಕಿನಲ್ಲಿ ಕೂಗುವುದು ಆ ಮನೆಯ ಹೆಸರನ್ನೇ. ಒಂದೇ ಮನೆಯಿಂದ ಎರಡು ಜೋಡಿ ಬಂದರೆ 'ಎ' ಮತ್ತು 'ಬಿ'. ಮನೆ ಇರುವ ಊರಿನವರಿಗೆಲ್ಲ ಅದು ತಮ್ಮದೇ ಕೋಣ. ನಂದಳಿಕೆ ಎಂದು ಮೈಕಿನಲ್ಲಿ ಕೇಳಿದ ಕೂಡಲೇ ಮುದ್ದಣನ ಊರು ಎಂದು ನನ್ನಂಥ ಕನ್ನಡ ಓದಿದವರ ಕಿವಿ ನಿಮಿರುತ್ತದೆ, ಊರಿನವರು ನೋಡುವುದು ಬೇರೆ ನಂದಳಿಕೆ. ಇನ್ನು ಓಟಗಾರ. ಅವನು ಆ ಮನೆಯವನಾಗಿರಬೇಕೆಂದಿಲ್ಲ, ಆ ಊರಿನವನೂ ಆಗಿರಬೇಕೆಂದಿಲ್ಲ. ಒಳ್ಳೆಯ ಓಟಗಾರನನ್ನು ಬೇರೆ ಬೇರೆ ಯಜಮಾನರು ಕರೆಯುತ್ತಾರೆ. ಒಂದೇ ಕಂಬಳದಲ್ಲಿ ಹಗ್ಗದಲ್ಲಿ ಒಬ್ಬರ ಕೋಣ, ನೇಗಿಲಿನಲ್ಲಿ ಇನ್ನೊಬ್ಬರ ಕೋಣ ಓಡಿಸುವುದುಂಟು. ಹಾಗಾಗಿ ಫೈನಲಿನಲ್ಲಿ ಒಂದು ಕರೆಯಲ್ಲಿ ನಮ್ಮೂರ ಕೋಣ, ಇನ್ನೊಂದು ಕರೆಯಲ್ಲಿ ಯಾರದೋ ಕೋಣದ ಹಿಂದೆ ನಮ್ಮೂರ ಹುಡುಗ ನಿಂತರೆ, ಎಂತ ಮಾಡುವುದು?

ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದರು. ಉಸೇನ್ ಬೋಲ್ಟರ ವಿಶ್ವದಾಖಲೆ 9.58. ದೇಶವೆಲ್ಲ ನಮ್ಮ ಕೆಸರಿನ ಕಡೆ ತಿರುಗಿ ನೋಡಿತು. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ತನ್ನ ಓಟ ಕೆಸರಿನದು, ಟ್ರ್ಯಾಕಿನದಲ್ಲ ಎಂದು ಗೌಡರು ನಯವಾಗಿ ಒಲ್ಲೆ ಎಂದರು. ಆ ಸುದ್ದಿ ತಣಿಯುವ ಮೊದಲೇ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿಗೆ ಮುಗಿಸಿದರು. ಬಜಗೋಳಿ ಕಾರ್ಕಳ ತಾಲೂಕು. ನನ್ನ ಅಣ್ಣನ ಮನೆಯಿಂದ ಫೋನು ಬಂತು: "ಕಂಡೆಯಾ? ನಮ್ಮವರದ್ದು!" ಕೋಣ ಯಾರದೆಂದು ಕೇಳಿದೆ. ಅಣ್ಣನಿಗೆ ಅದು ಮುಖ್ಯವೇ ಆಗಿರಲಿಲ್ಲ. ಹಿಂದೆ ಅಪ್ಪನ ಕಾಲದಲ್ಲಿ ಗೆದ್ದ ಕೋಣದ ಹೆಸರನ್ನು, ಕುಟ್ಟಿಯೋ ಪಾಂಡುವೋ, ನೆನಪಿಟ್ಟು ಹೇಳುತ್ತಿದ್ದರು. ಓಡಿಸಿದವನ ಹೆಸರು ಯಾರಿಗೂ ಬೇಡ. ಈಗ ಓಟಗಾರನಿಗೇ ಅಭಿಮಾನಿ ಬಳಗ, ಅವನ ಚಿತ್ರದ ಬ್ಯಾನರು. ಈ ಬದಲಾವಣೆಗೆ ಮಿಯ್ಯಾರಿನ ಕಂಬಳ ಅಕಾಡೆಮಿಯ ಪಾಲೂ ಉಂಟು. ಗುಣಪಾಲ ಕಡಂಬರು ಕಟ್ಟಿದ ಆ ಅಕಾಡೆಮಿಯಲ್ಲಿ ಓಟವನ್ನು ಪಾಠದ ಹಾಗೆ ಕಲಿಸಿದರು. ಶ್ರೀನಿವಾಸ ಗೌಡರೂ ಅಲ್ಲಿ ಕಲಿತವರು. ಅಂದರೆ ಐಕಳದ ಆ ಓಟದಲ್ಲಿ ಅಶ್ವತ್ಥಪುರದವರಿಗೂ ಪಾಲು, ಮಿಯ್ಯಾರಿನವರಿಗೂ ಪಾಲು. ಅಣ್ಣ ಆ ಲೆಕ್ಕವನ್ನೂ ಬಿಡಲಿಲ್ಲ ಅನ್ನಿ.

ಕೋಣಗಳು ಮನೆ ಬದಲಿಸುವುದು ಇನ್ನೊಂದು ತೊಂದರೆ. ಲಕ್ಷಗಟ್ಟಲೆಗೆ ಕ್ರಯ ಆಗಿ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಕಳೆದ ವರ್ಷ ನಮ್ಮ ಊರಿನ ಜೋಡಿಯನ್ನು ಸೋಲಿಸಿ ಬೈಸಿಕೊಂಡ ಕೋಣ ಈ ವರ್ಷ ನಮ್ಮ ಊರಿನದೇ ಆಗಿರುತ್ತದೆ. ಹುರುಳಿ ಬೇಯಿಸಿ ಹಾಕುವವರು ನಮ್ಮವರು, ಎಣ್ಣೆ ತಿಕ್ಕುವವರು ನಮ್ಮವರು, ಬೈದ ಬಾಯಲ್ಲೇ ಹೊಗಳಬೇಕು. ಕ್ಲಬ್ ಬದಲಿಸಿದ ಆಟಗಾರನಿಗೆ ಹಳೆಯ ಊರಿನಲ್ಲಿ ಸಿಳ್ಳೆ ಹೊಡೆದು ಬೈಯುತ್ತಾರಲ್ಲ ಫುಟ್‌ಬಾಲಿನಲ್ಲಿ, ಕೋಣಕ್ಕೆ ಹಾಗೆ ಮಾಡುವುದಿಲ್ಲ ನಮ್ಮವರು. ಕೋಣ ಎಂತ ಮಾಡೀತು, ಕೊಟ್ಟವರನ್ನು ಬೈಯಬೇಕು.

ಕನೆ ಹಲಗೆಯ ಮಾತು ಹೇಳುತ್ತೇನೆ ಎಂದಿದ್ದೆ. ಅದರಲ್ಲಿ ವೇಗ ಮುಖ್ಯವಲ್ಲ. ಓಟಗಾರ ಒಂದು ಸಣ್ಣ ಹಲಗೆಯ ಮೇಲೆ ಕಾಲೂರಿ ನಿಂತು ಹೋಗುತ್ತಾನೆ, ಹಲಗೆಯ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಆರೂವರೆ ಕೋಲು ಒಂದು, ಏಳೂವರೆ ಕೋಲು ಒಂದು. ನೀರು ನಿಶಾನೆಗೆ ಮುಟ್ಟಬೇಕು. ಎದುರಾಳಿಯನ್ನು ಹಿಂದೆ ಹಾಕುವ ಪ್ರಶ್ನೆಯೇ ಇಲ್ಲ, ಇಬ್ಬರು ಮುಟ್ಟಿದರೆ ಇಬ್ಬರಿಗೂ ಚಪ್ಪಾಳೆ. ನೋಡಲಿಕ್ಕೆ ಇದರಷ್ಟು ಚಂದದ್ದು ಕಂಬಳದಲ್ಲಿ ಬೇರೆ ಇಲ್ಲ. ಆದರೆ ಕನೆ ಹಲಗೆ ಮುಗಿದ ಮೇಲೆ ಯಾರೂ ಜಗಳ ಆಡಿದ್ದನ್ನು ನಾನು ನೋಡಿಲ್ಲ, ಹಗ್ಗ ಹಿರಿಯದ ಫೈನಲ್ ಬಗ್ಗೆ ಮಾತು ಬಿಟ್ಟವರನ್ನೂ ನೋಡಿದ್ದೇನೆ. ಬೆಳಗಿನ ಜಾವ ಎದ್ದು ಹೋಗುವವರು ಹೋಗುವುದು ಹಗ್ಗಕ್ಕೆ, ನೇಗಿಲಿಗೆ. ನಮಗೆ ಚಂದ ಸಾಕಾಗುವುದಿಲ್ಲ ಎಂದಾಯಿತು.

ಯಕ್ಷಗಾನದಲ್ಲೂ ಇದೇ. ಒಂದೇ ಮೇಳದ ಆಟವನ್ನು ಕಲೆಗಾಗಿ ನೋಡುತ್ತೇವೆ. ಜೋಡಾಟವೆಂದರೆ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ, ಭಾಗವತರಿಗೆ ಭಾಗವತರು, ಚೆಂಡೆಗೆ ಚೆಂಡೆ. ಅಲ್ಲಿ ಜನ ಯಾವ ಬದಿಗೆ ವಾಲುತ್ತಾರೆ ಎಂಬುದೇ ತೀರ್ಪು. ನಡುವೆ ಕೂತು ಎರಡನ್ನೂ ನೋಡುತ್ತೇನೆ ಎಂದವನಿಗೆ ಎರಡೂ ಸರಿಯಾಗಿ ಕಾಣುವುದಿಲ್ಲ.

ಒಂದು ಚಳಿಗಾಲ ಈ ಆಯ್ಕೆಯ ತಲೆನೋವೇ ಇರಲಿಲ್ಲ. ಜಲ್ಲಿಕಟ್ಟು ನಿಲ್ಲಿಸಿದ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ 2016ರ ನವೆಂಬರಿನಲ್ಲಿ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. ಕರೆಗಳು ಖಾಲಿ ಬಿದ್ದವು. 2017ರ ಫೆಬ್ರವರಿಯಲ್ಲಿ ವಿಧಾನಸಭೆ ಕಂಬಳಕ್ಕಾಗಿ ಕಾನೂನಿಗೆ ತಿದ್ದುಪಡಿ ಮಾಡಿತು, ಮರುವರ್ಷ ರಾಷ್ಟ್ರಪತಿಗಳ ಅಂಕಿತ ಬಂತು, 2023ರ ಮೇ 18ರಂದು ಸಂವಿಧಾನ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ-ಮಹಾರಾಜ ಎಂಬ ಹೆಸರಿನಲ್ಲಿ ಕಂಬಳ ಆಯಿತು. ಕೋಣಗಳು ಲಾರಿಯಲ್ಲಿ ಘಾಟಿ ಹತ್ತಿದವು. ನೋಡಿ ಬಂದವರು ಹೇಳಿದ್ದು ಒಂದೇ, ಜನವೋ ಜನ. ಅಷ್ಟು ಜನರಲ್ಲಿ ಬಹಳ ಮಂದಿಗೆ ಇದು ಯಾರ ಕೋಣ ಎಂದು ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದೆ ಕೂಗುವುದರಲ್ಲೂ ಸುಖ ಉಂಟು, ಅದು ಜಾತ್ರೆಯ ಸುಖ. ನಾನು ಹೇಳುತ್ತಿರುವುದು ಅದಲ್ಲ.

ಕ್ರಿಕೆಟ್ಟಿಗೆ ಬರುತ್ತೇನೆ, ಕರಾವಳಿಯವರು ಇದನ್ನು ಬಿಟ್ಟರೆ ಕ್ಷಮಿಸುವುದಿಲ್ಲ. 2022ರ ಐಪಿಎಲ್. ನಮ್ಮ ಬೆಂಗಳೂರು ತಂಡ ತನ್ನ ಪಂದ್ಯಗಳನ್ನೆಲ್ಲ ಮುಗಿಸಿ 16 ಅಂಕಕ್ಕೆ ನಿಂತಿತ್ತು. ಹಿಂದೆ 14 ಅಂಕದ ಡೆಲ್ಲಿ, ರನ್ ಸರಾಸರಿಯಲ್ಲಿ ನಮಗಿಂತ ಚೆಂದ. ಮೇ 21ರಂದು ಡೆಲ್ಲಿಯನ್ನು ಮುಂಬೈ ಸೋಲಿಸಿದರೆ ಮಾತ್ರ ನಾವು ಪ್ಲೇ ಆಫಿಗೆ. ವರ್ಷವೆಲ್ಲ ಮುಂಬೈಯನ್ನು ಶಪಿಸಿದವರು ಆ ಶನಿವಾರ ಮುಂಬೈಗೆ ಹರಕೆ ಹೇಳಿಕೊಂಡರು. ಟಿಮ್ ಡೇವಿಡ್ 11 ಎಸೆತಕ್ಕೆ 34 ಹೊಡೆದ, ಮುಂಬೈ ಐದು ವಿಕೆಟಿನಿಂದ ಗೆದ್ದಿತು. ಒಂದು ರಾತ್ರಿಯ ಮಟ್ಟಿಗೆ ನಮ್ಮ ಓಣಿಯಲ್ಲಿ ಟಿಮ್ ಡೇವಿಡನಷ್ಟು ಹತ್ತಿರದ ನೆಂಟ ಬೇರೆ ಇರಲಿಲ್ಲ.

ನಿಜವಾದ ಕಷ್ಟ ಬಂದದ್ದು ನಾಲ್ಕು ದಿನದ ಮೇಲೆ. ಎಲಿಮಿನೇಟರಿನಲ್ಲಿ ಬೆಂಗಳೂರಿಗೆ ಎದುರಾಳಿ ಲಖನೌ, ಅದರ ನಾಯಕ ಕೆ.ಎಲ್. ರಾಹುಲ್, ಸುರತ್ಕಲ್‌ನಲ್ಲಿ ಬೆಳೆದ ಹುಡುಗ. ನಮ್ಮ ತಂಡ ಒಂದು ಕಡೆ, ನಮ್ಮ ಹುಡುಗ ಇನ್ನೊಂದು ಕಡೆ. ಕಂಬಳದ ಅದೇ ಗಂಟು: ಕೋಣ ನಮ್ಮದು, ಓಟಗಾರನೂ ನಮ್ಮವನು, ಕರೆ ಮಾತ್ರ ಬೇರೆ. ರಜತ್ ಪಾಟಿದಾರ್ ಶತಕ ಹೊಡೆದ, ರಾಹುಲ್ 79 ಹೊಡೆದು ಔಟಾದ, ಬೆಂಗಳೂರು 14 ರನ್ನಿನಿಂದ ಗೆದ್ದಿತು. ರಾಹುಲ್ ಔಟಾದಾಗ ನಮ್ಮ ಮನೆಯಲ್ಲಿ ಒಂದು ಚಪ್ಪಾಳೆ, ಒಂದು "ಛೆ", ಎರಡೂ ಒಟ್ಟಿಗೆ ಕೇಳಿದವು. ಎರಡೂ ಭಾವನದ್ದೇ. ಅಲ್ಲಿಂದ ಎರಡು ದಿನಕ್ಕೆ ಅಹಮದಾಬಾದಿನಲ್ಲಿ ರಾಜಸ್ಥಾನದ ಎದುರು ಬೆಂಗಳೂರು ಸೋತಿತು. ಆ ರಾಜಸ್ಥಾನದ ಪರ ಮೂರು ವಿಕೆಟ್ ಕಿತ್ತವನು ನಮ್ಮದೇ ಕರ್ನಾಟಕದ ಪ್ರಸಿದ್ಧ್ ಕೃಷ್ಣ. ಬೈಯುವುದು ಯಾರನ್ನು?

ಇದೇ ರಾಹುಲ್ 2025ರ ಏಪ್ರಿಲ್ 10ರಂದು ಡೆಲ್ಲಿಯ ಪರ ಆಡಿ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು ಬೆಂಗಳೂರನ್ನು ಸೋಲಿಸಿದ. ಬ್ಯಾಟಿನಿಂದ ನೆಲದ ಮೇಲೆ ಸುತ್ತು ಬರೆದು, ಇದು ನನ್ನ ಜಾಗ ಎಂಬಂತೆ ಊರಿ ತೋರಿಸಿದ. ಅದು 'ಕಾಂತಾರ' ಸಿನಿಮಾದಿಂದ ತೆಗೆದದ್ದೆಂದು ಆಮೇಲೆ ಅವನೇ ಹೇಳಿದ. ಕುಂದಾಪುರದ ಕಡೆಯ ಕೆರಾಡಿಯ ಕಥೆ, ಅದರಲ್ಲಿ ಕಂಬಳವೂ ಉಂಟು. ಬೆಂಗಳೂರಿನ ಅಭಿಮಾನಿಗಳಿಗೆ ಆ ರಾತ್ರಿ ಹೊಟ್ಟೆಗೆ ಅನ್ನ ಇಳಿದಿರಲಿಕ್ಕಿಲ್ಲ. ನಮಗೂ ಸೋಲು ಸೋಲೇ. ಆದರೂ ಆ ಸುತ್ತು ಬರೆದದ್ದನ್ನು ನಮ್ಮ ಮನೆಯಲ್ಲಿ ತಿರುಗಿ ತಿರುಗಿ ಹಾಕಿಸಿ ನೋಡಿದರು.

ಹಾಂ, ಪ್ಲೇ ಆಫಿನ ಈ ಕ್ವಾಲಿಫೈಯರ್, ಎಲಿಮಿನೇಟರ್ ಲೆಕ್ಕ ಕ್ರಿಕೆಟ್ಟಿನದಲ್ಲ, ಫುಟ್‌ಬಾಲಿನದು. ಅದೂ ಆಸ್ಟ್ರೇಲಿಯಾದವರ ಫುಟ್‌ಬಾಲು. ವಿಕ್ಟೋರಿಯಾದ ಲೀಗಿನಲ್ಲಿ 1931ರಲ್ಲಿ ಪರ್ಸಿ ಪೇಜ್ ಎಂಬವರ ಲೆಕ್ಕಾಚಾರವನ್ನು ತಂದರು: ಮೊದಲೆರಡು ಸ್ಥಾನದವರಿಗೆ ಒಂದು ಸೋಲಿನ ಮಾಫಿ, ಮೂರು ಮತ್ತು ನಾಲ್ಕನೆಯವರಿಗೆ ಮಾಫಿ ಇಲ್ಲ. ಐಪಿಎಲ್ 2011ರಲ್ಲಿ ಅದನ್ನು ಎತ್ತಿಕೊಂಡಿತು. ಕಂಬಳಕ್ಕೆ ಇದು ಬರಬಾರದು ಎಂದು ನನ್ನ ಆಸೆ. ಈಗಲೇ ಆದಿತ್ಯವಾರ ಮಧ್ಯಾಹ್ನ ಆಗುತ್ತದೆ.

ಕನ್ನಡದ ಫುಟ್‌ಬಾಲ್ ಅಭಿಮಾನಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ಅತಿ ದೊಡ್ಡ ಜಗಳದ ಪಂದ್ಯ ಯಾವುದೆಂದರೆ 2023ರ ಮಾರ್ಚ್ 3ರದು. ಬೆಂಗಳೂರಿನ ಕಂಠೀರವದಲ್ಲಿ ಐಎಸ್‌ಎಲ್ ನಾಕೌಟ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದ 96ನೆಯ ನಿಮಿಷದಲ್ಲಿ ಸಿಕ್ಕಿದ ಫ್ರೀಕಿಕ್ಕನ್ನು, ಕೇರಳದವರು ಗೋಡೆ ಕಟ್ಟುವ ಮೊದಲೇ, ಸುನಿಲ್ ಛೆಟ್ರಿ ಒದ್ದು ಗೋಲಿಗೆ ಕಳಿಸಿದ. ರೆಫರಿ ಒಪ್ಪಿದರು. ಕೇರಳದ ಕೋಚ್ ವುಕೊಮನೊವಿಚ್ ತನ್ನ ಆಟಗಾರರನ್ನೆಲ್ಲ ಕರೆದುಕೊಂಡು ಹೊರನಡೆದರು, ತಿರುಗಿ ಬರಲಿಲ್ಲ. ಬೆಂಗಳೂರಿಗೆ ಗೆಲುವು, ಕೇರಳದ ಕ್ಲಬ್ಬಿಗೆ ಆಮೇಲೆ ನಾಲ್ಕು ಕೋಟಿ ದಂಡ. ಮಣಿಪಾಲದ ಹಾಸ್ಟೆಲುಗಳಲ್ಲಿ ಬೆಂಗಳೂರಿನವರೂ ಕೇರಳದವರೂ ಒಂದೇ ಮಹಡಿಯಲ್ಲಿ ಇರುವವರು. ನನ್ನ ಅಕ್ಕನ ಮಗ ಹೇಳಿದ, ವಾರದವರೆಗೆ ಮೆಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲವಂತೆ.

ನನಗೆ ಆವತ್ತು ನೆನಪಾದವರು ಇವರಿಬ್ಬರೂ ಅಲ್ಲ, ಕಾಸರಗೋಡಿನ ಕನ್ನಡಿಗರು. ಪೈವಳಿಕೆಯಲ್ಲಿ ಅಣ್ಣ-ತಮ್ಮ ಹೆಸರಿನ ಜೋಡುಕರೆ ಕಂಬಳ ಉಂಟು, ನಮ್ಮ ಕಡೆಯ ಕೋಣಗಳು ಅಲ್ಲಿಗೆ ಹೋಗುತ್ತವೆ. ಮನೆಯಲ್ಲಿ ತುಳುವೋ ಕನ್ನಡವೋ, ಶಾಲೆ ಕನ್ನಡದ್ದು, 1956ರ ನವೆಂಬರ್ 1ರಿಂದ ರಾಜ್ಯ ಕೇರಳ. ಅಲ್ಲಿನ ಹುಡುಗನೊಬ್ಬ ಆ ರಾತ್ರಿ ಯಾವ ಅಂಗಿ ಹಾಕಿಕೊಳ್ಳಬೇಕು, ಹಳದಿಯೋ ನೀಲಿಯೋ? ಊರಿನ ಗೆಳೆಯರೆಲ್ಲ ಹಳದಿ, ಓದುವ ಪೇಪರು ನೀಲಿ. ಇಂಥವನಿಗೆ ಬುದ್ಧಿ ಹೇಳುವವರು ನಾವಾರು? ಆದರೆ ಒಂದು ಹೇಳಬಲ್ಲೆ, ಆ ಪಂದ್ಯವನ್ನು ಅವನಷ್ಟು ಚೆನ್ನಾಗಿ ನೋಡಿದವರು ಕಂಠೀರವದಲ್ಲೂ ಇದ್ದಿರಲಿಕ್ಕಿಲ್ಲ. ಬೆಂಗಳೂರು ಮುಂದೆ ಸೆಮಿ ಫೈನಲಿನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ಕ್ಕೆ ದಾಟಿ, ಮಾರ್ಚ್ 18ರಂದು ಗೋವಾದ ಫೈನಲಿನಲ್ಲಿ ಎಟಿಕೆ ಮೋಹನ್ ಬಾಗಾನಿಗೆ ಪೆನಾಲ್ಟಿಯಲ್ಲೇ ಸೋತಿತು.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು, ಹಾಗಾದರೆ ಯಾವ ಪಂದ್ಯ ನೋಡಬೇಕು ಎಂದು. ಬಲಿಷ್ಠರು ಆಡುವುದನ್ನು ನೋಡಿ ಎನ್ನುವವರುಂಟು. ಸಣ್ಣ ತಂಡದ ಪರ ನಿಲ್ಲಿ ಎನ್ನುವವರುಂಟು. 2022ರಲ್ಲಿ ಮೊರಾಕ್ಕೊ ಪೋರ್ಚುಗಲನ್ನು ಸೋಲಿಸಿ ಆಫ್ರಿಕಾದಿಂದ ಸೆಮಿ ಫೈನಲಿಗೆ ಬಂದ ಮೊದಲ ತಂಡವಾದಾಗ ಅರ್ಧ ಜಗತ್ತು ಅದರ ಹಿಂದೆ ಇತ್ತು, ನಾನೂ ಇದ್ದೆ. ಆದರೆ ಮೊರಾಕ್ಕೊ ಫ್ರಾನ್ಸಿಗೆ ಸೋತ ರಾತ್ರಿ ನನಗೆ ನಿದ್ರೆ ಬಂತು. ಬಡವನಿಗೆ ಮರುಗುವುದು ಸುಲಭ, ಸೋತರೂ ನಮ್ಮ ಗಂಟೇನೂ ಹೋಗುವುದಿಲ್ಲ. ಇನ್ನು ವೈರಿ ಸೋಲಲಿ ಎಂದು ನೋಡುವುದು, ನಮ್ಮ ಅಕ್ಕನ ಮಗನ ದಾರಿ. ಅದರಲ್ಲಿ ಬಿಸಿ ಉಂಟು, ಆದರೆ ವೈರಿ ಗೆದ್ದರೆ ಮರುದಿನ ಹಾಳು, ಸೋತರೂ ಗೆದ್ದವನು ನಮ್ಮವನಲ್ಲ.

ನನ್ನ ರೀತಿ ಬೇರೆ. ಯಾರು ಸೋತರೂ ನನಗೆ ಬೇಸರ ಆಗುವ ಪಂದ್ಯ ಯಾವುದೋ ಅದಕ್ಕೇ ನಾನು ಎಚ್ಚರ ಇರುತ್ತೇನೆ. ತವರಿನ ಕಡೆಯ ಕೋಣ ಒಂದು ಕರೆಯಲ್ಲಿ, ಗಂಡನ ಮನೆಯ ಕಡೆಯದು ಇನ್ನೊಂದು ಕರೆಯಲ್ಲಿ ನಿಂತ ಸೆಮಿ ಫೈನಲನ್ನು ನಾನು ನೋಡಿದ್ದೇನೆ. ಮಂಜೊಟ್ಟಿಯ ಹತ್ತಿರ ನನ್ನ ಎಡಕ್ಕೆ ಅಣ್ಣ, ಬಲಕ್ಕೆ ಭಾವ. ಕೋಣ ಬಿಟ್ಟಾಗಿನಿಂದ ಮುಟ್ಟುವವರೆಗೆ ಇಬ್ಬರೂ ಕೂಗಿದರು, ನನಗೆ ಮಾತ್ರ ಸ್ವರ ಹೊರಡಲಿಲ್ಲ. ಆದರೆ ಎಡಗಡೆಯ ಕೋಣ ನಡುವಿನಲ್ಲಿ ಒಂದು ಹೆಜ್ಜೆ ತಪ್ಪಿದ್ದು, ಆ ಕಡೆಯ ಓಟಗಾರ ಬಾಗಿ ಅದನ್ನು ಸರಿ ಮಾಡಿದ್ದು, ಇದನ್ನು ಕಂಡದ್ದು ಮೂವರಲ್ಲಿ ನಾನೊಬ್ಬಳೇ. ಅವರಿಬ್ಬರು ನೋಡಿದ್ದು ತಂತಮ್ಮ ಕರೆಯನ್ನು. ಗೆದ್ದದ್ದು ಯಾರೆಂದು ಇಲ್ಲಿ ಹೇಳುವುದಿಲ್ಲ, ಎರಡೂ ಮನೆಯಲ್ಲಿ ರೇಡಿಯೊ ಉಂಟು.

"ಹಾಗೆ ನೋಡುವುದಾದರೆ ಗೆಲುವಿನ ಖುಷಿ ಎಲ್ಲಿ ಉಂಟು?" ಎಂದು ಭಾವ ಕೇಳುತ್ತಾರೆ. ಅರ್ಧ ಖುಷಿ ಗ್ಯಾರಂಟಿ ಉಂಟಲ್ಲ ಭಾವ ಎಂದರೆ, ಅರ್ಧ ಖುಷಿಗೆ ಯಾರು ನಾಲ್ಕು ಗಂಟೆಗೆ ಏಳುತ್ತಾರೆ ಎನ್ನುತ್ತಾರೆ. ಎಬ್ಬಿಸುವವಳು ನಾನೇ, ಅದು ಅವರಿಗೆ ಮರೆತುಹೋಗುತ್ತದೆ.

ಈ ಸಲದ ಫುಟ್‌ಬಾಲ್ ವಿಶ್ವಕಪ್ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ. 2026ರ ಜೂನ್ 11ರಿಂದ ಜುಲೈ 19ರವರೆಗೆ, 48 ತಂಡ, 104 ಪಂದ್ಯ. ನಾಕೌಟಿಗೇ 32 ತಂಡ ಬರುತ್ತವೆ. ನಮ್ಮ ಮಟ್ಟಿಗೆ ಕಾಲ ಒಳ್ಳೆಯದು: ಕಂಬಳ ಇಲ್ಲ, ಪತ್ತನಾಜೆ ಕಳೆದು ಮೇಳಗಳು ಒಳಗೆ ಸೇರಿರುತ್ತವೆ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲಿಕ್ಕೆ ನಿಷೇಧ, ಮಲ್ಪೆಯ ದೋಣಿಗಳೆಲ್ಲ ದಡದಲ್ಲಿ. ರಾತ್ರಿ ಎಚ್ಚರ ಇದ್ದು ಅಭ್ಯಾಸ ಇರುವ ಜನಕ್ಕೆ ಎರಡು ತಿಂಗಳು ರಾತ್ರಿ ಕೆಲಸ ಇಲ್ಲ. ಅಲ್ಲಿ ಸಂಜೆ ಆಡಿದ್ದು ನಮಗೆ ಬೆಳಗಿನ ಜಾವ, ಅಂದರೆ ಕಂಬಳದ ಸೆಮಿ ಫೈನಲಿನ ಹೊತ್ತು, ಅದೂ ಅಭ್ಯಾಸದ್ದೇ. ಫೈನಲ್ ಮಾತ್ರ ಆದಿತ್ಯವಾರ ಕಳೆದು ನಡುರಾತ್ರಿ ಹನ್ನೆರಡೂವರೆಗೆ. ತೊಂದರೆ ಒಂದೇ, ಆಟಿಯ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಪೆನಾಲ್ಟಿ ಹೊತ್ತಿಗೆ ಮೊಬೈಲಿನಲ್ಲಿ ಚಾರ್ಜು ಇರುವುದಿಲ್ಲ. ಇನ್ವರ್ಟರಿಗೆ ಹೊಸ ಬ್ಯಾಟರಿ ಹಾಕಿಸಬೇಕೆಂದು ಭಾವ ಹೇಳಿದ್ದಾರೆ. ಯಾರ ಪರ ಎಂದು ಕೇಳಿದರೆ ಪಟ್ಟಿ ಬರಲಿ ನೋಡುವ ಎಂದರು.